ಕುದುರೆ ಸವಾರಿಯ ಓದುಕೂಟ: ಪದೇ ಪದೇ ಕೇಳುವ ಪ್ರಶ್ನೆಗಳು

ಕುದುರೆಯನ್ನು ಪಳಗಿಸುವ ವಿದ್ಯೆ, ಸವಾರಿಯ ಸಿದ್ಧಾಂತ, ಕುದುರೆಯ ಮೈಕಟ್ಟು, ಅದರ ಮನಸ್ಸು – ಇವುಗಳ ಬಗ್ಗೆ ಬಂದ ಪುಸ್ತಕಗಳನ್ನು ಕೆಲವರು ಒಟ್ಟಿಗೆ ಕೂತು ಓದುವ ಕೂಟವನ್ನು ಶುರುಮಾಡಬೇಕೆಂದು ಹೊರಟವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಉತ್ತರಗಳು ಇಂಥ ಕೂಟ ನಡೆಸುತ್ತ ನಾನು ಕಲಿತವು.

ಸವಾರಿ ಕಲಿಯುವುದು ಕುದುರೆಯ ಬೆನ್ನ ಮೇಲೆ. ಪುಸ್ತಕ ಓದಿ ಏನು ಸಿಗುತ್ತದೆ?

ಬೆನ್ನ ಮೇಲೆ ಕೂತಾಗ ನಮಗೆ ಆಗುವ ಅನುಭವಕ್ಕೆ ಹೆಸರು ಸಿಗುತ್ತದೆ. ತರಬೇತುದಾರರು 'ಕೈ ಸಡಿಲ ಮಾಡಿ, ಕಾಲು ಕೊಡಿ' ಎಂದು ಕೂಗುತ್ತಾರೆ. ನಾವು ಮಾಡುತ್ತೇವೆ. ಕುದುರೆ ಒಮ್ಮೆ ಸರಿಯಾಗಿ ನಡೆಯುತ್ತದೆ, ಇನ್ನೊಮ್ಮೆ ತಲೆ ಎಸೆಯುತ್ತದೆ. ಯಾಕೆ ಹಾಗಾಯಿತು ಎಂದು ಯೋಚಿಸಲು ಆಗ ಪುರುಸೊತ್ತಿಲ್ಲ. ಆ ಯೋಚನೆಗೆ ಜಾಗ ಮಾಡಿಕೊಡುವುದು ಓದು.

ಒಬ್ಬರೇ ಓದಿದರೆ ಸಾಲದೇ ಎಂದರೆ, ಈ ವಿಷಯದಲ್ಲಿ ಸಾಲದು. ಒಂದೇ ಸಾಲನ್ನು ಐದು ಜನ ಓದಿ ಐದು ಬೇರೆ ಬೇರೆ ಕುದುರೆಗಳನ್ನು ನೆನಪಿಸಿಕೊಳ್ಳುತ್ತಾರೆ. ಒಬ್ಬರಿಗೆ ಸೋಮಾರಿ ಕುದುರೆ, ಒಬ್ಬರಿಗೆ ಎಲೆ ಅಲುಗಿದರೂ ಬೆದರುವ ಕುದುರೆ. ಬರೆದವನು ಯಾವ ಕುದುರೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಎಂಬ ಪ್ರಶ್ನೆ ಆಗ ತಾನಾಗಿ ಏಳುತ್ತದೆ. ಒಬ್ಬಳೇ ಓದಿದ ವರ್ಷಗಳಲ್ಲಿ ನನಗೆ ಅದು ಹೊಳೆದೇ ಇರಲಿಲ್ಲ.

ಕುದುರೆ ಏರಿಯೇ ಇಲ್ಲದವರನ್ನು ಸೇರಿಸಿಕೊಳ್ಳಬಹುದೇ?

ಖಂಡಿತ ಸೇರಿಸಿಕೊಳ್ಳಿ. ಸವಾರರಿಗೆ ಅಭ್ಯಾಸವಾಗಿ ಹೋದ ಮಾತುಗಳ ಮೇಲೆ ಬೆರಳಿಡುವವರು ಅವರೇ. 'ಕುದುರೆ ಬಿಟ್ (ಬಾಯೊಳಗಿನ ಕಡಿವಾಣ) ಮೇಲಿದೆ ಅಂದರೆ ಏನು?' ಎಂದು ಹೊಸಬರು ಕೇಳಿದಾಗ, ಹತ್ತು ವರ್ಷದ ಸವಾರರು ತಡವರಿಸುವುದನ್ನು ಕಂಡಿದ್ದೇನೆ. ಕುದುರೆ ನೋಡಿಕೊಳ್ಳುವವರು, ಲಾಳ ಕಟ್ಟುವವರು, ಪಶುವೈದ್ಯರು, ನೃತ್ಯ ಕಲಿಸುವವರು, ದೇಹದ ಚಲನೆ ಬಲ್ಲ ಫಿಸಿಯೋಥೆರಪಿಸ್ಟ್‌ಗಳು ಸಿಕ್ಕರಂತೂ ಬಿಡಬೇಡಿ.

ಎಷ್ಟು ಜನ, ಎಷ್ಟು ದಿನಕ್ಕೊಮ್ಮೆ?

ಆರರಿಂದ ಹತ್ತು ಜನ. ತಿಂಗಳಿಗೊಮ್ಮೆ, ಎರಡು ಗಂಟೆ. ಹನ್ನೆರಡು ದಾಟಿದರೆ ಇಬ್ಬರು ಮೂವರು ಕೇಳುಗರಾಗಿಯೇ ಉಳಿದುಬಿಡುತ್ತಾರೆ. ಅಂಥ ಹೊತ್ತಿನಲ್ಲಿ ಕೂಟವನ್ನು ಎರಡು ಮಾಡುವುದು ಒಳ್ಳೆಯದು.

ಮೊದಲು ಯಾವ ಪುಸ್ತಕ ಹಿಡಿಯಬೇಕು?

ಕ್ಸೆನೊಫೋನ್. ಕ್ರಿಸ್ತಪೂರ್ವ 4ನೆಯ ಶತಮಾನದ ಗ್ರೀಕ್ ಸೈನಿಕ, ಸಾಕ್ರಟೀಸನ ಒಡನಾಡಿ. ಅಶ್ವಕಲೆಯ ಬಗ್ಗೆ ಅವನು ಬರೆದ ಗ್ರಂಥದಲ್ಲಿ ಇರುವುದು 12 ಸಣ್ಣ ಅಧ್ಯಾಯಗಳು. ಮೂರು ಸಭೆಗಳಲ್ಲಿ ಮುಗಿಯುತ್ತದೆ, ಹೊಸಬರೂ ಹೆದರುವುದಿಲ್ಲ.

ಹಳೆಯದು ಎಂಬ ಗೌರವಕ್ಕಾಗಿ ನಾನಿದನ್ನು ಹೇಳುತ್ತಿಲ್ಲ. ಈ ಮನುಷ್ಯ ಕುದುರೆಯನ್ನು ನೋಡಿ ಬರೆದಿದ್ದಾನೆ. ಕುದುರೆ ಕೊಳ್ಳುವಾಗ ಮೊದಲು ಪಾದ ನೋಡು ಎನ್ನುತ್ತಾನೆ. ತಳಪಾಯ ಕೆಟ್ಟ ಮನೆಯ ಮೇಲ್ಭಾಗ ಎಷ್ಟು ಚೆಂದವಿದ್ದರೇನು ಎಂಬುದು ಅವನ ವಾದ. ಆಗ ಮೊಳೆ ಹೊಡೆದು ಕೂರಿಸುವ ಲಾಳ ಬಳಕೆಯಲ್ಲಿರಲಿಲ್ಲ. ಹಾಗಾಗಿ ಗೊರಸು ಗಟ್ಟಿಯಾಗಲು ಲಾಯದ ಮುಂದೆ ಉರುಟು ಕಲ್ಲುಗಳನ್ನು ಹಾಸಿ, ಕುದುರೆ ಅದರ ಮೇಲೆ ನಿಲ್ಲುವಂತೆ ಮಾಡಲು ಹೇಳುತ್ತಾನೆ. ಬೆದರಿದ ಕುದುರೆಯನ್ನು ಹೊಡೆಯಬೇಡ, ಹೊಡೆದರೆ ಆ ನೋವೂ ಬೆದರಿಸಿದ ವಸ್ತುವಿನಿಂದಲೇ ಬಂತೆಂದು ಅದು ತಿಳಿಯುತ್ತದೆ. ನೀನೇ ಮುಂದೆ ಹೋಗಿ ಆ ವಸ್ತುವನ್ನು ಮುಟ್ಟಿ ತೋರಿಸು, ಮೆಲ್ಲಗೆ ಹತ್ತಿರ ಕರೆದುಕೊಂಡು ಬಾ ಎನ್ನುತ್ತಾನೆ. ಒಂದರ ಜೊತೆ ಇನ್ನೊಂದು ಬಂದಾಗ ಪ್ರಾಣಿಯ ಮನಸ್ಸು ಎರಡನ್ನೂ ಗಂಟು ಹಾಕುತ್ತದೆ ಎಂಬುದನ್ನು ಇಂದಿನ ಕಲಿಕೆಯ ವಿಜ್ಞಾನ ಕಂಡಿಷನಿಂಗ್ ಎಂದು ಕರೆಯುತ್ತದೆ. ಅವನು ಅದನ್ನು ಲಾಯದಲ್ಲಿ ನಿಂತು ಕಂಡುಕೊಂಡಿದ್ದ.

ಓದುವಾಗ ಒಂದು ಸಂಗತಿಯನ್ನು ಎಲ್ಲರ ಕಣ್ಣೆದುರು ಇಟ್ಟುಕೊಳ್ಳಿ: ಅವನ ಕಾಲದ ಗ್ರೀಕ್ ಸವಾರರಿಗೆ ಪಾದ ಊರುವ ರಿಕಾಪು ಇರಲಿಲ್ಲ. ಇಂದಿನಂಥ ಗಟ್ಟಿ ಚೌಕಟ್ಟಿನ ಜೀನೂ ಇರಲಿಲ್ಲ. ಕುರ್ಚಿಯಲ್ಲಿ ಕೂತ ಹಾಗೆ ಕೂರಬೇಡ, ಕಾಲು ಅಗಲಿಸಿ ನೇರ ನಿಂತವನ ಹಾಗೆ ಕೂರು ಎಂದು ಅವನು ಹೇಳುವುದನ್ನು ಆ ಬೆಳಕಿನಲ್ಲಿ ಓದಬೇಕು. ನಮ್ಮ ಕೂಟದಲ್ಲಿ ಈ ಒಂದು ವಾಕ್ಯದ ಮೇಲೆ ಮುಕ್ಕಾಲು ಗಂಟೆ ಮಾತು ನಡೆದಿತ್ತು.

ಆಮೇಲೆ?

ಎರಡು ದಾರಿಗಳಿವೆ: ಕಾಲಕ್ರಮ ಹಿಡಿದು ಹೋಗುವುದು, ಇಲ್ಲವೇ ಒಂದು ವಿಷಯ ಹಿಡಿದು ಹೋಗುವುದು.

ಕಾಲಕ್ರಮದ ದಾರಿಯಲ್ಲಿ ಪ್ಲುವಿನೆಲ್ ಸಿಗುತ್ತಾನೆ. ಫ್ರಾನ್ಸಿನ ಎಳೆಯ ರಾಜ 13ನೆಯ ಲೂಯಿಗೆ ಸವಾರಿ ಕಲಿಸಿದವನು. ಅವನು ತೀರಿಕೊಂಡ ಐದು ವರ್ಷಗಳ ನಂತರ, 1625ರಲ್ಲಿ ಬಂದ ಆವೃತ್ತಿ ರಾಜನ ಜೊತೆಗಿನ ಸಂಭಾಷಣೆಯ ರೂಪದಲ್ಲಿದೆ. ಇಬ್ಬರು ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಲು ಹೇಳಿ ಮಾಡಿಸಿದ ಹಾಗಿದೆ. ದೇಶಭ್ರಷ್ಟನಾಗಿದ್ದ ಇಂಗ್ಲಿಷ್ ಸರದಾರ ನ್ಯೂಕ್ಯಾಸಲ್ 1658ರಲ್ಲಿ ಆಂಟ್‌ವರ್ಪ್‌ನಲ್ಲಿ ಫ್ರೆಂಚ್ ಭಾಷೆಯಲ್ಲಿ ತನ್ನ ಪುಸ್ತಕ ಹೊರತಂದ. ಅವನು ವೃತ್ತದ ಮೇಲೆ ಮಾಡಿಸುತ್ತಿದ್ದ ಕೆಲಸವನ್ನು ಫ್ರೆಂಚ್ ಸವಾರಿ ಗುರು ಗೆರಿನಿಯೇರ್ ಗೋಡೆಯುದ್ದದ ನೇರ ದಾರಿಗೆ ತಂದ. 1733ರ ಅವನ ಗ್ರಂಥದಲ್ಲಿ ವಿವರಿಸಿರುವ 'ಶೋಲ್ಡರ್-ಇನ್' (ಕುದುರೆಯ ಹೆಗಲನ್ನು ಗೋಡೆಯಿಂದ ಒಳಕ್ಕೆ ತಂದು ಓರೆಯಾಗಿ ನಡೆಸುವುದು) ಇಂದಿಗೂ ಡ್ರೆಸಾಜ್, ಅಂದರೆ ಅಂಗಳದ ಶಾಸ್ತ್ರೀಯ ಸವಾರಿ, ಕಲಿಯುವವರ ದಿನನಿತ್ಯದ ಪಾಠ. ನ್ಯೂಕ್ಯಾಸಲ್, ಗೆರಿನಿಯೇರ್ ಇಬ್ಬರನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಒಂದು ವಿಚಾರ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹೋಗಿ ಹೇಗೆ ರೂಪ ಬದಲಿಸಿತು ಎಂಬುದು ಕಾಣುತ್ತದೆ. ಅಲ್ಲಿಂದ 19ನೆಯ ಶತಮಾನದ ಫ್ರೆಂಚ್ ಸವಾರಿ ಗುರು ಬೋಷೆ, ಜರ್ಮನ್ ಗುರು ಸ್ಟೈನ್‌ಬ್ರೆಖ್ಟ್, ಜಿಗಿತದ ಸವಾರಿಯನ್ನೇ ಬದಲಿಸಿದ ಇಟಲಿಯ ಅಶ್ವದಳದ ಅಧಿಕಾರಿ ಕಪ್ರಿಲ್ಲಿಯವರೆಗೆ ಬರಬಹುದು. 1907ರಲ್ಲಿ ತೀರಿಕೊಂಡ ಕಪ್ರಿಲ್ಲಿ ಬರೆದದ್ದು ಬಹಳ ಕಡಿಮೆ; ಅವನ ವಿಚಾರವನ್ನು ಲೋಕಕ್ಕೆ ಮುಟ್ಟಿಸಿದವರು ಶಿಷ್ಯರು.

ವಿಷಯ ಹಿಡಿದು ಹೋಗುವ ದಾರಿ ಕೆಲಸಕ್ಕೆ ಹೋಗುವವರಿಗೆ ಸುಲಭ. 'ಸವಾರನ ಕೈ' ಎಂಬ ಒಂದೇ ವಿಷಯ ಇಟ್ಟುಕೊಂಡು ನಾಲ್ಕು ಲೇಖಕರಿಂದ ಐದೈದು ಪುಟ ಓದಿ. ನನಗೆ ಇದೇ ಹೆಚ್ಚು ಇಷ್ಟ.

ಯಾವ ದಾರಿ ಹಿಡಿದರೂ, ವರ್ಷದಲ್ಲಿ ಒಂದೆರಡು ಸಲ ಕುದುರೆಯ ಅಂಗರಚನೆ ಮತ್ತು ಕಲಿಕೆಯ ಬಗ್ಗೆ ಇಂದಿನ ಪುಸ್ತಕವೊಂದನ್ನು ನಡುವೆ ಸೇರಿಸಿ. ಕುದುರೆಗೆ ನಮಗಿರುವಂತೆ ಹೆಗಲನ್ನು ಎದೆಗೂಡಿಗೆ ಜೋಡಿಸುವ ಎಲುಬು (ಕಾಲರ್ ಬೋನ್) ಇಲ್ಲ, ಅದರ ಎದೆಗೂಡು ಮುಂಗಾಲುಗಳ ನಡುವೆ ಸ್ನಾಯುಗಳ ತೊಟ್ಟಿಲಿನಲ್ಲಿ ತೂಗುತ್ತಿದೆ ಎಂದು ಗೊತ್ತಾದ ಮೇಲೆ, 'ಕುದುರೆಯ ಮುಂಭಾಗವನ್ನು ಎತ್ತು' ಎಂದು ಹಳಬರು ಹೇಳಿದ ಮಾತಿಗೆ ಬೇರೆಯೇ ಅರ್ಥ ಬರುತ್ತದೆ.

ನಮ್ಮ ಕಡೆಯ ಹಳೆಯ ಗ್ರಂಥಗಳು?

ಶಾಲಿಹೋತ್ರನ ಹೆಸರಿನಲ್ಲಿ ಬೆಳೆದ ಅಶ್ವಶಾಸ್ತ್ರದ ಪರಂಪರೆ ದೊಡ್ಡದು. ಅದರಲ್ಲಿ ಕುದುರೆಯ ಲಕ್ಷಣ, ಸುಳಿ, ಬಣ್ಣ, ಚಿಕಿತ್ಸೆಗೆ ಸಿಕ್ಕಷ್ಟು ಜಾಗ ಸವಾರನ ಕೂರುವಿಕೆಗೆ ಸಿಕ್ಕಿಲ್ಲ. ಸವಾರಿಯ ಭಾಗ ಬೇಕೆಂದರೆ 12ನೆಯ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ವಾಜಿವಾಹ್ಯಾಲಿಯ ಪ್ರಕರಣವನ್ನು ತೆಗೆಯಿರಿ. ಸಂಸ್ಕೃತ ಬಲ್ಲ ಒಬ್ಬರು ಜೊತೆಗಿದ್ದರೆ ಒಂದು ಸಭೆ ಅದಕ್ಕೆ ಕೊಡಬಹುದು.

ಒಂದು ಸಭೆಯಲ್ಲಿ ಎಷ್ಟು ಪುಟ ಓದಬೇಕು? ಹೇಗೆ ನಡೆಸಬೇಕು?

ಇಪ್ಪತ್ತು ಪುಟ ಸಾಕು. ಕಾದಂಬರಿಯ ಕೂಟದ ಹಾಗೆ ತಿಂಗಳಿಗೊಂದು ಪುಸ್ತಕ ಮುಗಿಸಲು ಹೊರಟರೆ ಈ ಕೂಟ ನಿಲ್ಲುತ್ತದೆ. ನಾವು ಮೊದಲ ವರ್ಷ ಹಾಗೇ ಮಾಡಿದೆವು. ಆರು ಪುಸ್ತಕ ಮುಗಿಸಿದೆವು. ಒಂದರಿಂದಲೂ ಯಾರ ಸವಾರಿಯೂ ಬದಲಾಗಲಿಲ್ಲ, ಏನು ಓದಿದೆವೆಂದು ಕೇಳಿದರೆ ಹೇಳಲೂ ಬರುತ್ತಿರಲಿಲ್ಲ. ಬೇಸರವಾಗಿ ಎರಡು ತಿಂಗಳು ಸಭೆ ಸೇರಲಿಲ್ಲ. ಮತ್ತೆ ಸೇರಿದಾಗ ಒಂದು ನಿಯಮ ಮಾಡಿಕೊಂಡೆವು, ಅದು ಇಂದಿಗೂ ನಮ್ಮನ್ನು ಕಾಯುತ್ತಿದೆ: ಓದಿದ ಭಾಗದಿಂದ ಒಂದು ಹೇಳಿಕೆ ಆರಿಸಿ, 'ಇದು ನಿಜವಾದರೆ ಕುದುರೆಯ ಮೈಯಲ್ಲಿ ನಮಗೆ ಏನು ಕಾಣಬೇಕು?' ಎಂದು ಕೇಳುವುದು.

ಉದಾಹರಣೆ ಕೊಡುತ್ತೇನೆ. 'ಕುದುರೆ ಸಡಿಲಗೊಂಡಿರಬೇಕು' ಎಂದು ಪುಸ್ತಕದಲ್ಲಿದೆ. ಎಲ್ಲರೂ ತಲೆಯಾಡಿಸುತ್ತಾರೆ. ಏನು ಕಾಣಬೇಕು? ಒಬ್ಬರು ಬಾಲ ಎಂದರು: ಒಂದು ಬದಿಗೆ ಸೆಟೆದಿರದೆ ಬೆನ್ನಿನ ಲಯಕ್ಕೆ ತೂಗುತ್ತಿರಬೇಕು. ಇನ್ನೊಬ್ಬರು ಉಸಿರು ಎಂದರು. ಮೂಗಿನಿಂದ ಪುಸ್ ಎಂದು ಗಾಳಿ ಬಿಡುವುದು, ಬಾಯಿ ಮೆಲ್ಲಗೆ ಆಡಿಸುವುದು, ಲಗಾಮು ಉದ್ದ ಬಿಟ್ಟಾಗ ಕತ್ತನ್ನು ಮುಂದಕ್ಕೆ, ಕೆಳಕ್ಕೆ ಚಾಚುವುದು, ಕಿವಿ, ಕಣ್ಣಿನ ಮೇಲಿನ ಸುಕ್ಕು – ಪಟ್ಟಿ ಬೆಳೆಯುತ್ತದೆ. ಮಾರನೆಯ ವಾರ ಎಲ್ಲರೂ ಆ ಪಟ್ಟಿ ಹಿಡಿದು ಲಾಯಕ್ಕೆ ಹೋಗುತ್ತಾರೆ. ಮುಂದಿನ ಸಭೆಯ ಮೊದಲ ಅರ್ಧ ಗಂಟೆ, ಕಂಡದ್ದೇನು ಎಂಬುದರ ವರದಿ. ಏನು ಕಾಣಬೇಕೆಂದು ಯಾರಿಗೂ ಹೇಳಲು ಬಾರದ ಹೇಳಿಕೆಯನ್ನು ನಾವು ಬದಿಗಿಡುತ್ತೇವೆ, ಬರೆದವರು ಎಷ್ಟು ದೊಡ್ಡವರೇ ಆಗಿರಲಿ.

ಹೊತ್ತಿನ ಲೆಕ್ಕ ಸುಮಾರಾಗಿ ಹೀಗೆ: ಅರ್ಧ ಗಂಟೆ ವರದಿ, ಹತ್ತು ನಿಮಿಷ ಗಟ್ಟಿ ಓದು, ಒಂದು ಗಂಟೆ ಮಾತು, ಉಳಿದದ್ದು ಮುಂದಿನ ಪಟ್ಟಿಗೆ. ಗಟ್ಟಿ ಓದನ್ನು ಬಿಡಬೇಡಿ. ಮನೆಯಲ್ಲಿ ಓದುವಾಗ ಹಾರಿಸಿದ ಸಾಲು ಆಗ ಸಿಕ್ಕಿಬೀಳುತ್ತದೆ.

ಕಾಂಟ್ಯಾಕ್ಟ್, ಇಂಪಲ್ಷನ್, ಕಲೆಕ್ಷನ್ – ಈ ಪದಗಳ ಮೇಲೆ ಪ್ರತಿ ಸಲ ಜಗಳವಾಗುತ್ತದೆ. ಏನು ಮಾಡುವುದು?

ಜಗಳ ಆಗಲಿ. ಸವಾರಿಯ ಸಿದ್ಧಾಂತದ ಮುಕ್ಕಾಲು ಪಾಲು ಜಗಳ ಪದಗಳಲ್ಲೇ ಇದೆ. ಜರ್ಮನ್ ಪರಂಪರೆಯ ತರಬೇತಿ ಏಣಿಯಲ್ಲಿ ಆರು ಮೆಟ್ಟಿಲುಗಳು: ಲಯ, ಸಡಿಲಿಕೆ, ಲಗಾಮಿನ ಸಂಪರ್ಕ, ಮುನ್ನುಗ್ಗುವ ಕಸುವು, ನೇರತನ, ಕಲೆಕ್ಷನ್. ಎರಡನೆಯದಕ್ಕೆ ಜರ್ಮನ್ನಿನಲ್ಲಿ 'ಲೋಸ್‌ಗೆಲಾಸನ್‌ಹೈಟ್' ಎಂಬ ಪದವಿದೆ. ಇಂಗ್ಲಿಷಿನವರು ಅದನ್ನು ಒಮ್ಮೆ 'ಸಪ್ಲ್‌ನೆಸ್' ಎನ್ನುತ್ತಾರೆ, ಒಮ್ಮೆ 'ರಿಲ್ಯಾಕ್ಸೇಷನ್' ಎನ್ನುತ್ತಾರೆ. ಮೊದಲನೆಯದು ಮೈಯ ಗುಣ, ಎರಡನೆಯದು ಮನಸ್ಸಿನದೂ ಹೌದು. ಮೂಲ ಪದದಲ್ಲಿ ಎರಡೂ ಇವೆ: ಬಿಗಿ ಬಿಟ್ಟ ಮೈ, ಆತಂಕ ಬಿಟ್ಟ ಮನಸ್ಸು.

ಇಲ್ಲಿ ಕನ್ನಡದ ಓದುಗರಿಗೆ ಒಂದು ಅನುಕೂಲವಿದೆ. ಪುಸ್ತಕದ ಪದವನ್ನು ಹಾಗೇ ನುಂಗುವಂತಿಲ್ಲ, ಕನ್ನಡದಲ್ಲಿ ಹೇಳಲೇಬೇಕು. ಹೇಳಲು ಹೊರಟಾಗಲೇ ಅರ್ಥವಾಗಿಲ್ಲ ಎಂಬುದು ಗೊತ್ತಾಗುವುದು. ಕಲೆಕ್ಷನ್ ಎಂಬುದಕ್ಕೆ ನಮ್ಮವರೊಬ್ಬರು 'ಕುದುರೆ ಕತ್ತು ಬಾಗಿಸುವುದು' ಎಂದು ಬರೆದುಕೊಂಡಿದ್ದರು. ಆರು ತಿಂಗಳ ನಂತರ ಅವರೇ ಅದನ್ನು ಹೊಡೆದು, 'ಹಿಂಗಾಲಿನ ಕೀಲುಗಳು ಹೆಚ್ಚು ಮಡಿಚಿ, ಹಿಂಭಾಗ ತಗ್ಗಿ, ಭಾರದ ಹೆಚ್ಚು ಪಾಲು ಹಿಂದಕ್ಕೆ ಬಂದು, ಮುಂಭಾಗ ಹಗುರಾಗುವುದು. ಕತ್ತು ಬಾಗುವುದು ಅದರ ಫಲ' ಎಂದು ಬರೆದರು. ಕೂಟಕ್ಕೆ ಒಂದು ದಪ್ಪ ನೋಟುಬುಕ್ ಇಡಿ, ಪದಗಳನ್ನು ಹೀಗೆ ಬರೆಯುತ್ತ ಹೋಗಿ. ಹೊಡೆದು ಹಾಕಿದ ಅರ್ಥಗಳನ್ನು ಅಳಿಸಬೇಡಿ, ಹೊಸಬರಿಗೆ ಅವು ಬೇಕು.

ನಡಿಗೆಗೂ ನಾಗಾಲೋಟಕ್ಕೂ ನಡುವಿನ ಓಟಗಳಾದ ಟ್ರಾಟ್, ಕ್ಯಾಂಟರ್ ಎಂಬಂಥವನ್ನು ಬಲವಂತವಾಗಿ ಕನ್ನಡಿಸುವ ಅಗತ್ಯ ನನಗೆ ಕಂಡಿಲ್ಲ. ನಾಗಾಲೋಟ ಎಂಬ ಪದವಂತೂ ನಮ್ಮಲ್ಲಿದ್ದೇ ಇದೆ, ಗ್ಯಾಲಪ್‌ಗೆ ಅದನ್ನೇ ಬಳಸುತ್ತೇವೆ.

ಕುದುರೆ ಇಲ್ಲದ ಕೋಣೆಯಲ್ಲಿ ಇದೆಲ್ಲ ಅರ್ಥವಾಗುವುದು ಹೇಗೆ?

ಎದ್ದು ಮಾಡಿ ನೋಡಿ. ಇಬ್ಬರು ಹಿಂದೆ ಮುಂದೆ ನಿಲ್ಲಿ, ಹಿಂದಿನವರು ಮುಂದಿನವರ ಹೆಗಲ ಮೇಲೆ ಕೈಯಿಡಲಿ. ಮುಂದಿನವರ ಕಾಲು ಕುದುರೆಯ ಮುಂಗಾಲು, ಹಿಂದಿನವರದು ಹಿಂಗಾಲು. ನಡಿಗೆಗೆ ನಾಲ್ಕು ತಾಳ: ಹಿಂದಿನ ಎಡ, ಮುಂದಿನ ಎಡ, ಹಿಂದಿನ ಬಲ, ಮುಂದಿನ ಬಲ. ಟ್ರಾಟ್‌ಗೆ ಎರಡು: ಹಿಂದಿನ ಎಡವೂ ಮುಂದಿನ ಬಲವೂ ಒಟ್ಟಿಗೆ, ಆಮೇಲೆ ಇನ್ನೊಂದು ಜೋಡಿ. ಕ್ಯಾಂಟರ್ ಅನ್ನು ಚಪ್ಪಾಳೆಯಲ್ಲಿ ಹಾಕಿ: ಮೂರು ಪೆಟ್ಟು, ಒಂದು ಖಾಲಿ. ಆ ಖಾಲಿಯಲ್ಲಿ ನಾಲ್ಕೂ ಕಾಲು ಗಾಳಿಯಲ್ಲಿ. ನಾಗಾಲೋಟದಲ್ಲಿ ಕಾಲುಗಳು ನೆಲ ಬಿಡುವುದು ಅವು ಹೊಟ್ಟೆಯ ಕೆಳಗೆ ಒಟ್ಟುಗೂಡಿದಾಗ ಎಂದು 1878ರಲ್ಲಿ ಮೈಬ್ರಿಜ್ ತೆಗೆದ ಫೋಟೊಗಳು ತೋರಿಸಿಕೊಟ್ಟವು. ಅದಕ್ಕೂ ಹಿಂದಿನ ಚಿತ್ರಕಾರರು ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ಹಾರುವ ಕುದುರೆಗಳನ್ನೇ ಬರೆಯುತ್ತಿದ್ದರು. ಶತಮಾನಗಳ ಕಾಲ ಕುದುರೆಯ ಜೊತೆ ಬಾಳಿದವರ ಕಣ್ಣೇ ತಪ್ಪಿದ್ದನ್ನು ಕೂಟದಲ್ಲಿ ಆಗಾಗ ನೆನೆಯುವುದು ಒಳ್ಳೆಯದು.

ಕೈಯ ಪಾಠಕ್ಕೆ ಲಗಾಮು ಬೇಕು. ಒಬ್ಬರು ಕಣ್ಣು ಮುಚ್ಚಿ ಎರಡೂ ಕೈಯಲ್ಲಿ ಲಗಾಮಿನ ತುದಿಗಳನ್ನು ಕಡಿವಾಣದ ಹಾಗೆ ಹಿಡಿಯಲಿ. ಇನ್ನೊಬ್ಬರು ಸವಾರನ ತುದಿ ಹಿಡಿದು ಒಂದೇ ಬೆರಳನ್ನು ಮುಚ್ಚಲಿ. ಕಣ್ಣು ಮುಚ್ಚಿದವರಿಗೆ ಅದು ತಿಳಿಯುತ್ತದೆ. ಸವಾರ ತಲೆ ಹೊರಳಿಸಿದ್ದು, ಉಸಿರು ಬಿಗಿಹಿಡಿದದ್ದೂ ತಿಳಿಯುತ್ತದೆ. ಹಾಗೆಯೇ ಗಟ್ಟಿ ಕುರ್ಚಿಯ ಮೇಲೆ ಅಂಗೈಗಳನ್ನು ಕೂರುವ ಮೂಳೆಗಳ ಕೆಳಗಿಟ್ಟು, ಎಡಕ್ಕೆ ತಿರುಗಿ ನೋಡಿ. ಭಾರ ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಕೈಯೇ ಹೇಳುತ್ತದೆ.

ಇಬ್ಬರು ದೊಡ್ಡವರು ಒಬ್ಬರಿಗೊಬ್ಬರು ವಿರುದ್ಧ ಹೇಳಿದರೆ ಯಾರನ್ನು ನಂಬಬೇಕು?

ತೀರ್ಪು ಕೊಡುವ ಮೊದಲು ನಾಲ್ಕು ಪ್ರಶ್ನೆ ಕೇಳಿ: ಯಾವ ಕುದುರೆ, ಯಾವ ಕೆಲಸ, ಯಾವ ಜೀನು, ಎಂಥ ನೆಲ? ಕಪ್ರಿಲ್ಲಿಗೆ ಮೊದಲು ಸವಾರರು ಅಡೆತಡೆ ದಾಟುವಾಗ ಹಿಂದಕ್ಕೆ ವಾಲುತ್ತಿದ್ದರು. ಕುದುರೆಯ ಮುಂಗಾಲಿನ ಭಾರ ಇಳಿಸಬೇಕೆಂಬ ನಂಬಿಕೆ. ಅವನು ಕುದುರೆ ಸವಾರನಿಲ್ಲದೆ ಜಿಗಿಯುವುದನ್ನು ನೋಡಿ, ಅದರ ಸಮತೋಲಕ್ಕೆ ಅಡ್ಡ ಬರದಂತೆ ಮುಂದಕ್ಕೆ ಬಾಗಿ, ಬೆನ್ನು ಮತ್ತು ಬಾಯಿಯನ್ನು ಬಿಡುಗಡೆ ಮಾಡಬೇಕೆಂದ. ಇದು ಬಯಲಿನ ಸವಾರಿಗೆ, ಜಿಗಿತಕ್ಕೆ ಬಂದ ಮಾತು. ಇದನ್ನು ಹಿಡಿದು ಗೆರಿನಿಯೇರನ ಶಾಲೆಯ ಕುದುರೆಯ ಮೇಲೆ ಕೂತವನನ್ನು ತಪ್ಪೆಂದರೆ ಇಬ್ಬರಿಗೂ ಅನ್ಯಾಯ.

ಕೆಲವು ವಿರೋಧಗಳು ನಿಜವಾದವೇ. ಬೋಷೆ ತನ್ನ ಬಾಳಿನ ಕೊನೆಯ ಭಾಗದಲ್ಲಿ 'ಕಾಲಿಲ್ಲದ ಕೈ, ಕೈಯಿಲ್ಲದ ಕಾಲು' ಎಂಬ ಸೂತ್ರಕ್ಕೆ ಬಂದ. ಎರಡೂ ಸೂಚನೆಗಳನ್ನು ಒಟ್ಟಿಗೆ ಬಳಸುವ ಪರಂಪರೆ ಅದನ್ನು ಒಪ್ಪುವುದಿಲ್ಲ. ಒಂದೇ ಹೊತ್ತಿಗೆ ಮುಂದೆ ಹೋಗು, ನಿಲ್ಲು ಎಂದರೆ ಕುದುರೆಗೆ ಗೊಂದಲ ಎನ್ನುವ ಇಂದಿನ ಕಲಿಕೆಯ ವಿಜ್ಞಾನ ಈ ಒಂದು ವಿಷಯದಲ್ಲಿ ಬೋಷೆಯ ಹತ್ತಿರ ನಿಲ್ಲುತ್ತದೆ. ನಾನೂ ಅತ್ತಲೇ ವಾಲುತ್ತೇನೆ, ಮುಖ್ಯವಾಗಿ ಎಳೆಯ ಕುದುರೆಯ ವಿಷಯದಲ್ಲಿ.

ಹಳೆಯ ಪುಸ್ತಕಗಳಲ್ಲಿ ಕ್ರೌರ್ಯವಿದೆ. ಓದಬೇಕೇ?

ಇಟಲಿಯ ಸವಾರಿ ಗುರು ಗ್ರಿಸೋನೆಯ 1550ರ ಪುಸ್ತಕದಲ್ಲಿ, ಮುಂದೆ ಹೋಗದ ಕುದುರೆಯನ್ನು ಹೆದರಿಸಲು ಕೋಲಿನ ತುದಿಗೆ ಜೀವಂತ ಬೆಕ್ಕನ್ನು ಕಟ್ಟುವ ಸಲಹೆಯಿದೆ. ಓದುವಾಗ ಹೊಟ್ಟೆ ತೊಳಸುತ್ತದೆ. ಮೊದಲೇ ಎಚ್ಚರಿಕೆ ಹೇಳಿ ಓದಿ, ಮುಚ್ಚಿಡಬೇಡಿ. ಅದಕ್ಕೂ ಸುಮಾರು 1900 ವರ್ಷ ಹಿಂದೆ ಕ್ಸೆನೊಫೋನ್, ಬಲವಂತದಿಂದ ಮಾಡಿಸಿದ್ದನ್ನು ಕುದುರೆ ಅರ್ಥಮಾಡಿಕೊಂಡಿರುವುದಿಲ್ಲ, ಚಾಟಿಯೇಟು ತಿಂದು ಕುಣಿಯುವ ನರ್ತಕನಲ್ಲಿ ಚೆಲುವು ಎಲ್ಲಿಂದ ಬರಬೇಕು ಎಂದು ಬರೆದಿದ್ದ. ಕಾಲ ಕಳೆದಂತೆ ಕರುಣೆ ತಾನಾಗಿ ಹೆಚ್ಚುತ್ತದೆ ಎಂಬ ನೆಮ್ಮದಿ ಈ ಎರಡನ್ನು ಒಟ್ಟಿಗೆ ಓದಿದಾಗ ಉಳಿಯುವುದಿಲ್ಲ. ಇಂದಿನ ನಮ್ಮ ಅಭ್ಯಾಸಗಳನ್ನೂ ಅದೇ ಸಭೆಯಲ್ಲಿ ಮೇಜಿನ ಮೇಲಿಡಿ. ಮೂಗುಪಟ್ಟಿಯ ಕೆಳಗೆ ಮೂಗಿನ ಎಲುಬಿನ ಮೇಲೆ ಎರಡು ಬೆರಳು ಹೋಗುವಷ್ಟು ಜಾಗವಿರಬೇಕು ಎಂಬುದು ಹಳೆಯ ಅಳತೆ; ನಮ್ಮ ಸದಸ್ಯರು ಅಳೆದು ನೋಡಿದಾಗ ಮೂರು ಕುದುರೆಗಳಿಗೆ ಒಂದು ಬೆರಳೂ ಹೋಗಲಿಲ್ಲ. ಅವತ್ತೇ ಸಡಿಲಿಸಿದರು.

ಓದಿದ್ದನ್ನು ತರಬೇತುದಾರರು ಒಪ್ಪದಿದ್ದರೆ?

ಅಂಗಳದಲ್ಲಿ ಅವರ ಮಾತೇ ನಡೆಯಲಿ. ಸುರಕ್ಷತೆಯ ಹೊಣೆ ಅವರದು, ಕುದುರೆಯನ್ನು ಆ ಕ್ಷಣ ನೋಡುತ್ತಿರುವವರೂ ಅವರೇ. ಪಾಠ ಮುಗಿದ ಮೇಲೆ 'ನಾನು ಹೀಗೆ ಓದಿದೆ, ನೀವು ಯಾಕೆ ಬೇರೆ ಹೇಳಿದಿರಿ?' ಎಂದು ಕೇಳಿ. ಕೂಟದಲ್ಲಿ ಯಾರೂ ಯಾರಿಗೂ ಸವಾರಿಯ ಸಲಹೆ ಕೊಡಬಾರದು ಎಂಬುದನ್ನು ಮೊದಲ ದಿನವೇ ಹೇಳಿಬಿಡಿ. 'ನಿಮ್ಮ ಕುದುರೆಗೆ ಬೇರೆ ಬಿಟ್ ಹಾಕಿ' ಎಂಬ ಮಾತು ಬಂತೆಂದರೆ ನಡೆಸುವವರು ಅಲ್ಲೇ ತಡೆಯಬೇಕು. ಒಂದು ಕಾಲನ್ನು ಊರಲು ಹಿಂಜರಿಯುವ ಕುದುರೆಗೆ ಬೇಕಾದದ್ದು ಪಶುವೈದ್ಯರು.

ಕೂಟದವರೆಲ್ಲ ಒಟ್ಟಿಗೆ ಕುದುರೆ ನೋಡಲು ಹೋಗಬಹುದೇ?

ಮೂರು ತಿಂಗಳಿಗೊಮ್ಮೆ ಹೋಗಿ. ಮಾಲೀಕರ ಅನುಮತಿ ಮೊದಲೇ ಪಡೆಯಿರಿ, ನಾಲ್ಕೈದು ಜನರ ಗುಂಪಾಗಿ ಬೇಲಿಯ ಹೊರಗೆ ನಿಲ್ಲಿ. ಕುದುರೆಗೆ ತನ್ನ ಸುತ್ತ ಹೆಚ್ಚು ಕಡಿಮೆ ಎಲ್ಲವೂ ಕಾಣುತ್ತದೆ, ನೇರ ಹಿಂದೆ ಮತ್ತು ಹಣೆಯ ಮುಂದಿನ ಚಿಕ್ಕ ಜಾಗ ಬಿಟ್ಟು. ಹಿಂದಿನಿಂದ ಯಾರೂ ಹತ್ತಿರ ಹೋಗಬಾರದು. ಅವತ್ತು ಓದಿದ್ದನ್ನು ಮಾಡಿ ನೋಡುವ ಆಸೆಯನ್ನು ತಡೆಹಿಡಿಯಿರಿ. ಅವತ್ತಿನ ಕೆಲಸ ನೋಡುವುದು, ಬರೆದುಕೊಳ್ಳುವುದು. ಒಬ್ಬರು ಹಿಂಗಾಲುಗಳನ್ನು ಮಾತ್ರ, ಒಬ್ಬರು ಕಿವಿಗಳನ್ನು ಮಾತ್ರ, ಇನ್ನೊಬ್ಬರು ಸವಾರನ ಕೈಯನ್ನು ಮಾತ್ರ ಹತ್ತು ನಿಮಿಷ ನೋಡಲಿ. ಆಮೇಲೆ ಮೂವರ ಟಿಪ್ಪಣಿಗಳನ್ನು ಸೇರಿಸಿ ಓದಿದಾಗ, ಕೈ ಬಿಗಿಯಾದ ಕ್ಷಣಕ್ಕೂ ಹಿಂಗಾಲಿನ ಹೆಜ್ಜೆ ಗಿಡ್ಡವಾದ ಕ್ಷಣಕ್ಕೂ ಇರುವ ನಂಟು ಕಾಗದದ ಮೇಲೆ ಕಾಣುತ್ತದೆ.

ಒಬ್ಬರೇ ಮಾತಾಡುತ್ತಿದ್ದರೆ?

ಸಾಮಾನ್ಯವಾಗಿ ಅವರೇ ಹೆಚ್ಚು ಬಲ್ಲವರು, ಹಾಗಾಗಿ ತಡೆಯಲು ಸಂಕೋಚ. ಅವರಿಗೆ ನೋಟುಬುಕ್ ಬರೆಯುವ ಕೆಲಸ ಕೊಡಿ. ಬರೆಯಲು ಕೇಳಿಸಿಕೊಳ್ಳಬೇಕಾಗುತ್ತದೆ.

ಓದದೆ ಬಂದವರನ್ನು ಏನು ಮಾಡುವುದು?

ಬರಲಿ. ಗಟ್ಟಿ ಓದು ಇರುವುದೇ ಅವರಿಗಾಗಿ. ಸತತ ಮೂರು ಸಲ ಹಾಗೇ ಬಂದರೆ ಪುಟ ಹೆಚ್ಚಾಯಿತೇ ಎಂದು ಕೇಳಿ. ಹೆಚ್ಚಿನ ಸಲ ಹೆಚ್ಚಾಗಿಯೇ ಇರುತ್ತದೆ.

ಪುಸ್ತಕವನ್ನು ನಡುವೆ ಕೈಬಿಡಬಹುದೇ?

ಬಿಡಬಹುದು. ಸ್ಟೈನ್‌ಬ್ರೆಖ್ಟ್‌ನನ್ನು ನಾವು ಎರಡು ಸಲ ಬಿಟ್ಟಿದ್ದೇವೆ. ಬಿಡುವ ಮೊದಲು ಎಲ್ಲಿ ನಿಂತೆವು, ಯಾವ ವಾಕ್ಯ ಅರ್ಥವಾಗಲಿಲ್ಲ ಎಂದು ನೋಟುಬುಕ್‌ನಲ್ಲಿ ಬರೆದಿಟ್ಟೆವು. ಎರಡನೆಯ ಸಲ ತೆಗೆದಾಗ, ಹಿಂದೆ ಅರ್ಥವಾಗದ ಆ ಪುಟದಿಂದಲೇ ಶುರುಮಾಡಿದೆವು. ಅಷ್ಟರಲ್ಲಿ ಇಬ್ಬರು ಎಳೆಯ ಕುದುರೆಗಳನ್ನು ಪಳಗಿಸಲು ಶುರುಮಾಡಿದ್ದರು, ಅವರು ಅದನ್ನು ಉಳಿದವರಿಗೆ ವಿವರಿಸಿದರು. ಮೂರನೆಯ ಸಲ ಮುಂದಿನ ತಿಂಗಳು ತೆಗೆಯುತ್ತಿದ್ದೇವೆ.